ಮಂಜಿನ ಮುಚ್ಚಳದ ಕೆಳಗೆ ಗಾಳಿಗೆ ಜಾಗವಿದೆಯೇ?

ಗುರುಗ್ರಹದ ಚಂದ್ರ ಯುರೋಪಾದ ಮೈಯೆಲ್ಲ ಮಂಜುಗಡ್ಡೆ, ಅದರ ಕೆಳಗೆ ಉಪ್ಪುನೀರಿನ ಸಾಗರ ಎಂದು ಹೇಳಿ ನೋಡಿ. ಕೇಳುತ್ತಿರುವವರು ಹೈಸ್ಕೂಲು ಮಕ್ಕಳಾಗಲಿ, ಅರಳಿಕಟ್ಟೆಯ ಹಿರಿಯರಾಗಲಿ, ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: ಆ ಮಂಜಿಗೂ ನೀರಿಗೂ ನಡುವೆ ಒಂದಿಷ್ಟು ಗಾಳಿ ಸಿಕ್ಕಿಹಾಕಿಕೊಂಡಿರಬಹುದಲ್ಲವೇ? ಗುಹೆಯ ಹಾಗೆ, ಮೇಲೆ ಮಂಜಿನ ಛಾವಣಿ, ಕೆಳಗೆ ಕಪ್ಪು ನೀರು, ನಡುವೆ ಖಾಲಿ ಜಾಗ?

ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಉತ್ತರ ಹೇಳಲು ದೂರದರ್ಶಕವೂ ಬೇಡ. ಗುಣಾಕಾರ ಬಂದರೆ ಸಾಕು, ಜೊತೆಗೆ ಸ್ವಲ್ಪ ತಾಳ್ಮೆ. ಹಾಸನದ ಪಕ್ಕದ ಬೂವನಹಳ್ಳಿಯಂಥ ಊರಿನಲ್ಲಿ ಕೂತು ಅರ್ಥ ಮಾಡಿಕೊಳ್ಳಬಹುದಾದ ವಿಷಯ ಇದು. ಊರಿಗೆ ವಿಮಾನ ನಿಲ್ದಾಣ ಬರುತ್ತಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಉಪಗ್ರಹಗಳನ್ನು ಕಾಯುತ್ತಿದೆ. ಆಕಾಶದ ಮಾತು ಇಲ್ಲಿಯವರಿಗೆ ಹೊಸದೇನಲ್ಲ.

ಮೊದಲು ಯುರೋಪಾದ ಪರಿಚಯ. ಗೆಲಿಲಿಯೊ 1610ರ ಜನವರಿಯಲ್ಲಿ ಕಂಡ ನಾಲ್ಕು ಚಂದ್ರಗಳಲ್ಲಿ ಇದೂ ಒಂದು. ಅಡ್ಡಳತೆ ಸುಮಾರು 3,120 ಕಿ.ಮೀ., ನಮ್ಮ ಚಂದ್ರನಿಗಿಂತ ತುಸು ಚಿಕ್ಕದು. ಮೂರೂವರೆ ದಿನಕ್ಕೊಮ್ಮೆ ಗುರುವನ್ನು ಸುತ್ತುತ್ತದೆ. ಸುತ್ತುವ ದಾರಿ ಪೂರ್ತಿ ದುಂಡಗಿಲ್ಲದ ಕಾರಣ ಗುರುವಿನ ಸೆಳೆತ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಹೀಗೆ ಎಳೆದು ಬಿಟ್ಟು, ಎಳೆದು ಬಿಟ್ಟು ಆಗುವ ತಿಕ್ಕಾಟದಿಂದ ಒಡಲು ಬೆಚ್ಚಗಿರುತ್ತದೆ. ಹೊರಮೈ ಸಮಭಾಜಕದ ಬಳಿಯೇ ಸೊನ್ನೆಗಿಂತ 160 ಡಿಗ್ರಿ ಕೆಳಗಿದ್ದರೂ ಒಳಗೆ ನೀರು ನೀರಾಗಿಯೇ ಉಳಿದಿರುವುದಕ್ಕೆ ಇದೇ ಕಾರಣ. ಸಾಗರವನ್ನು ಯಾರೂ ಕಣ್ಣಾರೆ ಕಂಡಿಲ್ಲ. 1995ರಿಂದ 2003ರವರೆಗೆ ಗುರುವನ್ನು ಸುತ್ತಿದ ಗೆಲಿಲಿಯೊ ನೌಕೆಯ ಕಾಂತಮಾಪಕಕ್ಕೆ, ಯುರೋಪಾದ ಒಳಗೆ ವಿದ್ಯುತ್ ಹರಿಯುವ ಪದರವೊಂದು ಇರುವ ಸುಳಿವು ಸಿಕ್ಕಿತು. ಉಪ್ಪುನೀರು ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಮಂಜಿನ ದಪ್ಪ 15ರಿಂದ 25 ಕಿ.ಮೀ. ಇರಬಹುದೆಂಬುದು ಹೆಚ್ಚು ಜನ ಒಪ್ಪುವ ಅಂದಾಜು. ಇಲ್ಲಿ 20 ಎಂದು ಇಟ್ಟುಕೊಳ್ಳೋಣ.

ಇನ್ನು ಮುಖ್ಯ ಮಾತಿಗೆ ಬರೋಣ. ತೇಲುವ ಮುಚ್ಚಳದ ಕೆಳಗೆ ಅನಿಲ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೊಟ್ಟಿಗೆ ಹಿತ್ತಲಲ್ಲೇ ಒಂದು ಮಾದರಿ ಇದೆ: ಹಳೆಯ ಕಬ್ಬಿಣದ ಡ್ರಮ್ಮಿನ ಗೋಬರ್ ಗ್ಯಾಸ್. ಈಚಿನ ಮನೆಗಳಲ್ಲಿ ನೆಲದೊಳಗಿನ ಗುಮ್ಮಟದ ಮಾದರಿಯೇ ಹೆಚ್ಚು, ಅದು ಇಲ್ಲಿ ಉಪಯೋಗಕ್ಕೆ ಬಾರದು. ಡ್ರಮ್ಮಿನದನ್ನೇ ನೆನಪಿಸಿಕೊಳ್ಳಿ. ಗುಂಡಿಯ ತುಂಬ ಸಗಣಿ ಬಗ್ಗಡ. ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್. ಬಗ್ಗಡದಿಂದ ಗುಳುಗುಳು ಎಂದು ಏಳುವ ಅನಿಲ ಡ್ರಮ್ಮಿನೊಳಗೆ ಸೇರುತ್ತದೆ. ಬೆಳಿಗ್ಗೆ ಡ್ರಮ್ ಮೇಲೆದ್ದಿರುತ್ತದೆ, ಅಡುಗೆ ಮುಗಿಯುವಷ್ಟರಲ್ಲಿ ಕೆಳಗಿಳಿದಿರುತ್ತದೆ. ಒಲೆಯ ಉರಿ ಸಪ್ಪೆಯಾಯಿತೆಂದು ಡ್ರಮ್ಮಿನ ಮೇಲೆ ನಾಲ್ಕು ಸೈಜುಗಲ್ಲು ಹೇರಿದರೆ ಉರಿ ಜೋರಾಗುತ್ತದೆ. ಯಾಕೆ? ಒಳಗಿನ ಅನಿಲ ಮುಚ್ಚಳದ ಭಾರವನ್ನು ಹೊತ್ತು ನಿಂತಿದೆ. ಭಾರ ಹೆಚ್ಚಾದರೆ ಒತ್ತಡವೂ ಹೆಚ್ಚಾಗುತ್ತದೆ.

ಡ್ರಮ್ಮಿನೊಳಗಿನ ಹೆಚ್ಚುವರಿ ಒತ್ತಡ ಬಲು ಕಡಿಮೆ, ಹತ್ತು ಸೆಂಟಿಮೀಟರ್ ನೀರಿನ ಭಾರದಷ್ಟು. ಸಮುದ್ರಮಟ್ಟದಲ್ಲಿ ನಮ್ಮ ತಲೆಯ ಮೇಲಿನ ಗಾಳಿ ಒತ್ತುವ ಒತ್ತಡವನ್ನು ಒಂದು ವಾಯುಭಾರ ಎಂದು ಕರೆದರೆ (ಹಾಸನ ಎತ್ತರದಲ್ಲಿದೆ, ನಮಗೆ ಸ್ವಲ್ಪ ಕಡಿಮೆಯೇ), ಡ್ರಮ್ ಅದಕ್ಕೆ ಸೇರಿಸುವುದು ನೂರರಲ್ಲಿ ಒಂದು ಪಾಲು. ಈಗ ಡ್ರಮ್ಮಿನ ಜಾಗದಲ್ಲಿ 20 ಕಿ.ಮೀ. ಮಂಜನ್ನು ಇಡಿ.

ಲೆಕ್ಕ ಹೀಗೆ. ಒಂದು ಘನ ಮೀಟರ್ ಮಂಜಿನ ತೂಕ 917 ಕಿಲೋ. ಯುರೋಪಾದ ಗುರುತ್ವ 1.31, ಭೂಮಿಯ 9.8ರ ಏಳನೇ ಒಂದು ಪಾಲಿಗಿಂತಲೂ ತುಸು ಕಡಿಮೆ. ಆಳ 20,000 ಮೀಟರ್. ಮೂರನ್ನೂ ಗುಣಿಸಿದರೆ 2.4 ಕೋಟಿ ಪಾಸ್ಕಲ್. ಒಂದು ವಾಯುಭಾರಕ್ಕೆ ಹತ್ತಿರಹತ್ತಿರ ಒಂದು ಲಕ್ಷ ಪಾಸ್ಕಲ್. ಹಾಗಾಗಿ ಯುರೋಪಾದ ಮಂಜಿನ ತಳದಲ್ಲಿ ಒತ್ತಡ ಸುಮಾರು 240 ವಾಯುಭಾರ. ಅಲ್ಲಿ ಅನಿಲದ ಗುಳಿ ಇದ್ದರೆ ಅದರೊಳಗೂ ಅಷ್ಟೇ ಒತ್ತಡ ಇರಬೇಕು. ಕಡಿಮೆ ಇದ್ದರೆ ಪಕ್ಕದ ನೀರು ನುಗ್ಗಿ ಗುಳಿಯನ್ನು ಹಿಸುಕಿಬಿಡುತ್ತದೆ. ಇಲ್ಲಿನ ಒಂದು ಲೀಟರ್ ಗಾಳಿ ಅಲ್ಲಿಗೆ ಹೋದರೆ ಒಂದು ಚಮಚಕ್ಕೂ ಕಡಿಮೆಯಾಗುತ್ತದೆ.

ಮನುಷ್ಯ ಎಷ್ಟು ತಡೆದುಕೊಂಡಾನು? 1992ರಲ್ಲಿ ಫ್ರಾನ್ಸಿನ ಕೊಮೆಕ್ಸ್ ಸಂಸ್ಥೆ ಒತ್ತಡದ ಕೋಣೆಯಲ್ಲಿ ಒಬ್ಬ ಮುಳುಗುಗಾರನನ್ನು 701 ಮೀಟರ್ ಆಳದ ಸಮುದ್ರಕ್ಕೆ ಸಮನಾದ ಒತ್ತಡದವರೆಗೆ ಒಯ್ದಿತ್ತು. ಅದು ಸುಮಾರು 71 ವಾಯುಭಾರ, ಅದೂ ಉಸಿರಾಟಕ್ಕೆ ಹೈಡ್ರೋಜನ್ ಬೆರೆಸಿದ ವಿಶೇಷ ಮಿಶ್ರಣ ಕೊಟ್ಟು. ಯುರೋಪಾದ ಮಂಜಿನಡಿ ಹೆಲ್ಮೆಟ್ ತೆಗೆದು ನಿಟ್ಟುಸಿರು ಬಿಡುವ ಗಗನಯಾತ್ರಿಯ ಚಿತ್ರ ಸಿನಿಮಾಕ್ಕೆ ಚೆನ್ನಾಗಿದೆ, ಅಷ್ಟೆ.

ಒತ್ತಡ ಇದ್ದರೇನು, ಹಿಸುಕಿಕೊಂಡಾದರೂ ಅನಿಲ ಇರಬಹುದಲ್ಲ ಎಂದು ನೀವು ಕೇಳಬಹುದು. ಕೇಳಬೇಕು. ತೊಡಕು ಎರಡಿದೆ. ಒತ್ತಡ ಹೆಚ್ಚಿದಷ್ಟೂ ನೀರು ಹೆಚ್ಚು ಅನಿಲವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಇನ್ನು ಹಿಡಿಸದು ಎನ್ನುವವರೆಗೆ ಸಾಗರ ತುಂಬದ ಹೊರತು, ಮಂಜಿನ ತಳದಲ್ಲಿ ಸೇರಿದ ಗುಳ್ಳೆ ಮೆಲ್ಲಗೆ ಕರಗಿ ಮಾಯವಾಗುತ್ತದೆ. ಹತ್ತಾರು ಕಿ.ಮೀ. ಆಳದ ಸಾಗರವನ್ನು ಅನಿಲದಿಂದ ತಣಿಸುವುದು ಸಣ್ಣ ಕೆಲಸವಲ್ಲ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಚಳಿಯೂ ಒತ್ತಡವೂ ಸೇರಿದಾಗ ನೀರಿನ ಅಣುಗಳು ಅನಿಲದ ಅಣುವಿನ ಸುತ್ತ ಪಂಜರ ಕಟ್ಟಿ ಗಟ್ಟಿಯಾಗುತ್ತವೆ. ನೋಡಲು ಮಂಜಿನಂತೆಯೇ, ಒಳಗೆ ಅನಿಲ ಬಂದಿ. ಇದಕ್ಕೆ ಹೈಡ್ರೇಟ್ ಎಂದು ಹೆಸರು. ಇದಕ್ಕಾಗಿ ಗುರುಗ್ರಹದವರೆಗೆ ಹೋಗಬೇಕಿಲ್ಲ. ಕೃಷ್ಣಾ ಗೋದಾವರಿ ನದಿಗಳು ಸಮುದ್ರ ಸೇರುವ ಕಡೆ, ಬಂಗಾಳ ಕೊಲ್ಲಿಯ ತಳದಲ್ಲಿ 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗಿನಿಂದ ಕೊರೆದಾಗ ಮೀಥೇನ್ ಹೈಡ್ರೇಟಿನ ದಪ್ಪ ಪದರವೇ ಸಿಕ್ಕಿತು. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ ಮೀಥೇನ್. ಕೊಟ್ಟಿಗೆಯ ಹಿಂದೆ ಅದು ಡ್ರಮ್ಮನ್ನು ಎತ್ತುವ ಅನಿಲ. ಸಮುದ್ರದ ತಳದಲ್ಲಿ ಬೆಂಕಿ ಹಚ್ಚಿದರೆ ಉರಿಯುವ ಬಿಳಿ ಗಡ್ಡೆ. ಇಂಥ ಒಂದು ಘನ ಮೀಟರ್ ಗಡ್ಡೆ ಕರಗಿದರೆ 160 ಘನ ಮೀಟರಿಗೂ ಹೆಚ್ಚು ಮೀಥೇನ್ ಹೊರಬರುತ್ತದೆ.

ಅಂಟಾರ್ಟಿಕದ ಸಾಕ್ಷಿ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಅಲ್ಲಿ ಹಿಮ ಬಿದ್ದು ಬಿದ್ದು ಗಟ್ಟಿಯಾಗುವಾಗ ನಡುವೆ ಗಾಳಿಯ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ರಷ್ಯಾದ ವೋಸ್ಟಾಕ್ ನೆಲೆಯಲ್ಲಿ ಕೊರೆದು ತೆಗೆದ ಮಂಜಿನ ಕಂಬಗಳಲ್ಲಿ ಸುಮಾರು 500 ಮೀಟರ್ ಆಳದಿಂದ ಗುಳ್ಳೆಗಳು ಕಡಿಮೆಯಾಗುತ್ತ ಹೋಗುತ್ತವೆ. 1,200 ಮೀಟರ್ ದಾಟುವಷ್ಟರಲ್ಲಿ ಒಂದೂ ಉಳಿದಿರುವುದಿಲ್ಲ, ಮಂಜು ಗಾಜಿನಂತೆ ತಿಳಿ. ಗಾಳಿ ಎಲ್ಲಿಗೂ ಓಡಿಹೋಗಿಲ್ಲ, ಪಂಜರ ಸೇರಿದೆ. ಹೀಗಾಗುತ್ತದೆಂದು ರಸಾಯನಶಾಸ್ತ್ರಜ್ಞ ಸ್ಟಾನ್ಲಿ ಮಿಲ್ಲರ್ 1969ರಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿ ಹೇಳಿದ್ದರು. ಜೀವದ ಕಚ್ಚಾವಸ್ತುಗಳನ್ನು ಗಾಜಿನ ಬುರುಡೆಯಲ್ಲಿ ಮಾಡಿ ತೋರಿಸಿದ ಮಿಲ್ಲರ್ ಇವರೇ. 1980ರ ದಶಕದ ಆರಂಭದಲ್ಲಿ ಗ್ರೀನ್‌ಲ್ಯಾಂಡಿನ ಮಂಜಿನ ಕಂಬದಲ್ಲಿ ಅಂಥ ಹರಳುಗಳು ಕಣ್ಣಿಗೇ ಬಿದ್ದವು.

ಅದೇ ವೋಸ್ಟಾಕ್ ನೆಲೆಯ ಕೆಳಗೆ ಒಂದು ಸರೋವರ ಇದೆ. 2012ರ ಫೆಬ್ರವರಿ 5ರಂದು 3,769 ಮೀಟರ್ ಆಳಕ್ಕೆ ಇಳಿದ ಕೊರೆಯುವ ಯಂತ್ರ ಅದರ ನೀರನ್ನು ಮುಟ್ಟಿತು. ಅಲ್ಲಿನ ಒತ್ತಡ ಲೆಕ್ಕ ಹಾಕಿದರೆ 340 ವಾಯುಭಾರದ ಹತ್ತಿರ ಬರುತ್ತದೆ, ಯುರೋಪಾದ 20 ಕಿ.ಮೀ. ಮಂಜಿನ ಅಡಿಗಿಂತಲೂ ಹೆಚ್ಚು! ನಾಲ್ಕು ಕಿ.ಮೀ.ಗಿಂತ ಕಡಿಮೆ ದಪ್ಪದ ಮಂಜು 20 ಕಿ.ಮೀ. ಮಂಜಿಗಿಂತ ಹೆಚ್ಚು ಒತ್ತುತ್ತದೆ, ಏಕೆಂದರೆ ಭೂಮಿಯ ಗುರುತ್ವ ಹೆಚ್ಚು. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಂಜಿನ ದಪ್ಪವೊಂದನ್ನೇ ಕೇಳಿ ಹೆದರಬೇಕಿಲ್ಲ, ಗುರುತ್ವ ಎಷ್ಟೆಂದೂ ಕೇಳಬೇಕು.

ಯಾವ ಅನಿಲ ಎಷ್ಟು ಒತ್ತಡಕ್ಕೆ ಪಂಜರ ಸೇರುತ್ತದೆ? ಸೊನ್ನೆ ಡಿಗ್ರಿಯ ಬಳಿ ಇಂಗಾಲದ ಡೈಆಕ್ಸೈಡಿಗೆ 12 ವಾಯುಭಾರ ಸಾಕು. ಮೀಥೇನ್‌ಗೆ 25ರ ಆಸುಪಾಸು. ಆಮ್ಲಜನಕಕ್ಕೆ ನೂರಕ್ಕೂ ಮೇಲೆ. ಹೈಡ್ರೋಜನ್ ಮಾತ್ರ ಬಲು ಮೊಂಡು, ಸಾವಿರಾರು ವಾಯುಭಾರ ಬೇಡುತ್ತದೆ. ಯುರೋಪಾದ 240ರ ಮುಂದೆ ಮೊದಲ ಮೂರೂ ಸೋಲುತ್ತವೆ. ಪಂಜರ ಸೇರಿದ ಮೇಲೂ ಎಲ್ಲದರ ದಾರಿ ಒಂದೇ ಅಲ್ಲ: ಮೀಥೇನ್ ಹೈಡ್ರೇಟ್ ನೀರಿನ ಮೇಲೆ ತೇಲುತ್ತದೆ, ಇಂಗಾಲದ ಡೈಆಕ್ಸೈಡಿನದು ನೀರಿಗಿಂತ ಭಾರವಾಗಿ ಮುಳುಗುತ್ತದೆ.

ಹಾಗಾದರೆ ಯುರೋಪಾದಲ್ಲಿ ಆಸೆಯೇ ಬೇಡವೇ? ಆಳದಲ್ಲಿ ಬೇಡ, ಮೇಲ್ಪದರದಲ್ಲಿ ಸ್ವಲ್ಪ ಇಟ್ಟುಕೊಳ್ಳಬಹುದು. ಯುರೋಪಾದ ಹೊರಮೈಯಲ್ಲಿ ಕೆಲವು ಕಡೆ ಮಂಜು ಒಡೆದು, ತಿರುಗಿ, ಮತ್ತೆ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಅಂಥ ಜಾಗಗಳ ಅಡಿಯಲ್ಲಿ, ಸುಮಾರು ಮೂರು ಕಿ.ಮೀ. ಆಳದಲ್ಲೇ, ಮಂಜಿನ ನಡುವೆ ನೀರಿನ ಮಡುಗಳಿರಬಹುದೆಂದು 2011ರಲ್ಲಿ ಬ್ರಿಟ್ನಿ ಶ್ಮಿಟ್ ಮತ್ತು ಸಂಗಡಿಗರು ವಾದಿಸಿದರು. ಮೂರು ಕಿ.ಮೀ. ಎಂದರೆ 36 ವಾಯುಭಾರ. ಅಲ್ಲಿ ಆಮ್ಲಜನಕ ಅನಿಲವಾಗಿಯೇ ಉಳಿಯಬಲ್ಲದು. ಆಮ್ಲಜನಕದ ಮೂಲವೂ ಇದೆ. ಗುರುವಿನ ಕಾಂತವಲಯದ ವಿಕಿರಣ ಹೊರಮೈಯ ಮಂಜನ್ನು ಬಡಿದು ಹೈಡ್ರೋಜನ್, ಆಮ್ಲಜನಕ ಎಂದು ಒಡೆಯುತ್ತದೆ. 2022ರ ಸೆಪ್ಟೆಂಬರ್ 29ರಂದು ಯುರೋಪಾದಿಂದ 352 ಕಿ.ಮೀ. ದೂರದಲ್ಲಿ ಹಾದ ಜೂನೋ ನೌಕೆಯ ಅಳತೆಯ ಪ್ರಕಾರ, ಹೀಗೆ ಹುಟ್ಟುವ ಆಮ್ಲಜನಕ ಸೆಕೆಂಡಿಗೆ ಸುಮಾರು 12 ಕಿಲೋ. ಅದರಲ್ಲಿ ಒಂದು ಪಾಲು ಮಂಜಿನೊಳಗೆ ಇಳಿದು ಮಡುವಿನ ನೀರು ಸೇರಿದರೆ, ಮಡು ಮತ್ತೆ ಹೆಪ್ಪುಗಟ್ಟುವಾಗ ಮಂಜು ಅನಿಲವನ್ನು ಹೊರದೂಡಿ, ಉಳಿದ ನೀರಿನಲ್ಲಿ ಅದು ದಟ್ಟವಾಗಿ, ಗುಳ್ಳೆ ಕಟ್ಟಬಹುದು. ಇದರಲ್ಲಿ ‘ರೆ’ಗಳು ಎಷ್ಟಿವೆ ಎಂದು ನೀವೇ ಎಣಿಸಿಕೊಳ್ಳಿ. ನಿಯಮ ಅಡ್ಡ ಬರುವುದಿಲ್ಲ ಎಂದಷ್ಟೇ ನನ್ನ ಮಾತು.

ನನ್ನನ್ನು ಕೇಳಿದರೆ, ಈ ಹುಡುಕಾಟಕ್ಕೆ ಯುರೋಪಾಕ್ಕಿಂತ ಶನಿಯ ಕಡೆ ಹೋಗುವುದೇ ವಾಸಿ. ಅಲ್ಲಿ ಎನ್ಸೆಲಾಡಸ್ ಎಂಬ ಪುಟ್ಟ ಚಂದ್ರ ಇದೆ. ಅಡ್ಡಳತೆ ಬರೀ 500 ಕಿ.ಮೀ.; ಬೆಂಗಳೂರಿನಿಂದ ಬೀದರಿಗೆ ಹೋಗುವ ದಾರಿ ಅದಕ್ಕಿಂತ ಉದ್ದ. ಗುರುತ್ವ 0.113, ಭೂಮಿಯದರ ನೂರರಲ್ಲಿ ಒಂದು ಪಾಲಿನಷ್ಟು. ಅದರ ದಕ್ಷಿಣ ಧ್ರುವದ ಬಳಿ ಮಂಜು ತೆಳುವಾಗಿದೆ, ಕೆಲವೇ ಕಿ.ಮೀ. ಐದು ಎಂದು ಹಿಡಿದು ಅದೇ ಗುಣಾಕಾರ ಮಾಡಿ: 917, 0.113, 5,000. ಬರುವುದು ಐದು ಲಕ್ಷ ಚಿಲ್ಲರೆ ಪಾಸ್ಕಲ್. ಐದೇ ವಾಯುಭಾರ! ಗೊರೂರಿನಂಥ ದೊಡ್ಡ ಅಣೆಕಟ್ಟೆ ತುಂಬಿದಾಗ ಅದರ ತಳದಲ್ಲಿರುವ ಒತ್ತಡ ಹೆಚ್ಚುಕಡಿಮೆ ಇದೇ ಅಳತೆಯದು. ಮಂಜು 20 ಕಿ.ಮೀ. ದಪ್ಪ ಇರುವ ಕಡೆಯೂ 20 ವಾಯುಭಾರ ದಾಟಿದರೆ ಹೆಚ್ಚು. ಐದು ವಾಯುಭಾರಕ್ಕೆ ಇಂಗಾಲದ ಡೈಆಕ್ಸೈಡೂ ಪಂಜರ ಸೇರದು, 20ಕ್ಕೆ ಮೀಥೇನೂ ಸೇರದು. ಮಂಜಿನ ಅಡಿಯ ಗುಳಿಗಳಲ್ಲಿ ಅನಿಲ ಅನಿಲವಾಗಿಯೇ ನಿಲ್ಲಲು ನಮಗೆ ಗೊತ್ತಿರುವ ಜಾಗಗಳಲ್ಲಿ ಇದು ಒಳ್ಳೆಯದು. ಸಾಗರ ಅನಿಲದಿಂದ ತಣಿದಿರಬೇಕು ಎಂಬ ಷರತ್ತು ಇಲ್ಲೂ ತಪ್ಪಿದ್ದಲ್ಲ, ಆದರೆ ಒತ್ತಡ ಕಡಿಮೆ ಇರುವಲ್ಲಿ ತಣಿಸಲು ಬೇಕಾಗುವ ಅನಿಲವೂ ಕಡಿಮೆ.

ಇದಿಷ್ಟೇ ಆಗಿದ್ದರೆ ಬರೀ ಕಾಗದದ ಲೆಕ್ಕ ಎನ್ನಬಹುದಿತ್ತು. ಎನ್ಸೆಲಾಡಸ್ ತನ್ನ ಗುಟ್ಟನ್ನು ತಾನೇ ಹೊರಗೆ ಉಗುಳುತ್ತಿದೆ. 2004ರಲ್ಲಿ ಶನಿಯನ್ನು ತಲುಪಿದ ಕ್ಯಾಸಿನಿ ನೌಕೆ ಮರುವರ್ಷ ಅದರ ದಕ್ಷಿಣ ಧ್ರುವದಿಂದ ಆವಿಯೂ ಮಂಜಿನ ಕಣಗಳೂ ಚಿಮ್ಮುತ್ತಿರುವುದನ್ನು ಕಂಡಿತು. ಅಲ್ಲಿ ನಾಲ್ಕು ಉದ್ದನೆಯ ಸೀಳುಗಳಿವೆ, ಒಂದೊಂದೂ ಸುಮಾರು 130 ಕಿ.ಮೀ.. ನೋಡಲು ಹುಲಿಯ ಮೈಮೇಲಿನ ಪಟ್ಟೆಯಂತೆ ಇರುವುದರಿಂದ ಹುಲಿಪಟ್ಟೆ ಎಂದೇ ಹೆಸರು. ಚಂದ್ರ ಶನಿಯನ್ನು 33 ಗಂಟೆಗೊಮ್ಮೆ ಸುತ್ತುವಾಗ ಚಿಮ್ಮುವಿಕೆ ಏರಿಳಿಯುತ್ತದೆ. ಶನಿಯಿಂದ ಅತಿ ದೂರ ಇದ್ದಾಗ ಜೋರು.

ಸೀಳಿನೊಳಗೆ ಇಣುಕಿ ನೋಡೋಣ. ತೇಲುವ ಮಂಜನ್ನು ಆಳದವರೆಗೆ ಸೀಳಿದರೆ ಕೆಳಗಿನ ನೀರು ಮೇಲೇರುತ್ತದೆ, ಆದರೆ ಬಾಯಿಯವರೆಗೆ ಬರುವುದಿಲ್ಲ. ಮಂಜು ನೀರಿಗಿಂತ ಹಗುರ, ಹತ್ತರಲ್ಲಿ ಒಂಬತ್ತು ಪಾಲು ಮುಳುಗಿ ತೇಲುತ್ತದೆ. ಸೀಳಿನಲ್ಲಿ ನೀರೂ ಅಲ್ಲಿಯವರೆಗೆ ಏರಿ ನಿಲ್ಲುತ್ತದೆ. ಮಂಜು ಐದು ಕಿ.ಮೀ. ದಪ್ಪವಿದ್ದರೆ ನೀರಿನ ಮಟ್ಟದಿಂದ ಮೇಲಕ್ಕೆ ಸುಮಾರು ಅರ್ಧ ಕಿ.ಮೀ. ಎತ್ತರದ ಇಕ್ಕಟ್ಟಾದ ಕಂದಕ ಖಾಲಿ. ಎರಡು ಪಕ್ಕ ಮಂಜಿನ ಗೋಡೆ, ತಳದಲ್ಲಿ ಕಪ್ಪು ನೀರು. ನೀವು ಕೇಳಿದ ಖಾಲಿ ಜಾಗ ಇದೇ. ನಿಮ್ಮ ಊಹೆಯಂತೆ ಮಂಜಿನ ತಳದಲ್ಲಿ ಇಲ್ಲ, ಮಂಜಿನ ನೆತ್ತಿಯಲ್ಲಿ ಇದೆ. ಅದರಲ್ಲಿ ತುಂಬಿರುವುದು ಬಹುಪಾಲು ನೀರಾವಿ, ಮತ್ತದು ಬಹಳ ತೆಳು. ಸೊನ್ನೆ ಡಿಗ್ರಿಯ ನೀರಿನ ಮೇಲೆ ಆವಿಯ ಒತ್ತಡ ಒಂದು ವಾಯುಭಾರದ ಸಾವಿರದಲ್ಲಿ ಆರು ಪಾಲು ಮಾತ್ರ. ಅಷ್ಟು ಕಡಿಮೆ ಒತ್ತಡದಲ್ಲಿ ನೀರು ಹೆಪ್ಪುಗಟ್ಟುವ ಚಳಿಯಲ್ಲೇ ಕುದಿಯುತ್ತದೆ ಕೂಡ. ಯುರೋಪಾದ ಆಳದಲ್ಲಿ ಹಿಸುಕಿ ಸಾಯುವ ಗಗನಯಾತ್ರಿ ಇಲ್ಲಿ ಒತ್ತಡವಿಲ್ಲದೆ ಸಾಯುತ್ತಾನೆ.

ಈ ಕಂದಕದ ನೀರಿನ ಮೇಲ್ಮೈಯಲ್ಲಿ ಗುಳ್ಳೆಗಳು ಒಡೆಯುತ್ತಿವೆ ಎನ್ನಲೂ ಆಧಾರ ಇದೆ. ಕ್ಯಾಸಿನಿಗೆ ಸಿಕ್ಕ ಕಣಗಳಲ್ಲಿ ಕೆಲವು ಉಪ್ಪಾಗಿದ್ದವು. ಬರೀ ಆವಿ ಹೆಪ್ಪುಗಟ್ಟಿದ್ದರೆ ಉಪ್ಪು ಬರುತ್ತಿರಲಿಲ್ಲ, ನೀರಿನ ಹನಿಗಳೇ ಸಿಡಿದು ಹೆಪ್ಪುಗಟ್ಟಿರಬೇಕು. 2018ರಲ್ಲಿ ಫ್ರಾಂಕ್ ಪೋಸ್ಟ್‌ಬರ್ಗ್ ಮತ್ತು ಸಂಗಡಿಗರು ಇನ್ನೂ ಕೆಲವು ಕಣಗಳಲ್ಲಿ ದೊಡ್ಡ ದೊಡ್ಡ ಸಾವಯವ ಅಣುಗಳನ್ನು ಗುರುತಿಸಿ ಒಂದು ಚಿತ್ರ ಕೊಟ್ಟರು: ಆಳದಿಂದ ಏಳುವ ಅನಿಲದ ಗುಳ್ಳೆಗಳು ಈ ವಸ್ತುವನ್ನು ಹೊತ್ತು ತಂದು ನೀರಿನ ಮೇಲೆ ತೆಳು ಪೊರೆಯಾಗಿ ಹರಡುತ್ತವೆ, ಗುಳ್ಳೆ ಒಡೆದಾಗ ಪೊರೆಯ ಚೂರು ಸಿಡಿದು ಆವಿಯ ಜೊತೆ ಹೊರಗೆ ಹಾರುತ್ತದೆ.

ಏಳುವ ಅನಿಲ ಯಾವುದು? ಕ್ಯಾಸಿನಿ 2015ರ ಅಕ್ಟೋಬರ್ 28ರಂದು ಈ ಕಾರಂಜಿಯ ನಡುವೆಯೇ, 49 ಕಿ.ಮೀ. ಎತ್ತರದಲ್ಲಿ ನುಗ್ಗಿ ಹೋಯಿತು. ಆವಿಯಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು ಹೈಡ್ರೋಜನ್ ಇದೆ, ಜೊತೆಗೆ ಇಂಗಾಲದ ಡೈಆಕ್ಸೈಡ್, ಮೀಥೇನ್ ಇವೆ ಎಂದು 2017ರಲ್ಲಿ ವರದಿಯಾಯಿತು. ಸಾಗರದ ತಳದ ಬಿಸಿ ಬಂಡೆಗೂ ನೀರಿಗೂ ಆಗುವ ರಾಸಾಯನಿಕ ಕ್ರಿಯೆಯಿಂದ ಹೈಡ್ರೋಜನ್ ಹುಟ್ಟುತ್ತಿರಬಹುದು. ಹೈಡ್ರೋಜನ್ನನ್ನೂ ಇಂಗಾಲದ ಡೈಆಕ್ಸೈಡನ್ನೂ ತಿಂದು ಮೀಥೇನ್ ಬಿಡುವ ಸೂಕ್ಷ್ಮಜೀವಿಗಳು ಭೂಮಿಯಲ್ಲಿವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ನಮಗೆ ಅಡುಗೆ ಅನಿಲ ಮಾಡಿಕೊಡುವವರಲ್ಲಿ ಅವೂ ಇವೆ. ಹಾಗೆಂದು ಎನ್ಸೆಲಾಡಸ್‌ನಲ್ಲಿ ಜೀವ ಸಿಕ್ಕೇಬಿಟ್ಟಿತೆಂದು ಕುಣಿಯಬೇಡಿ. ಅಷ್ಟೊಂದು ಹೈಡ್ರೋಜನ್ ಬಳಕೆಯಾಗದೆ ಹೊರಗೆ ಬರುತ್ತಿದೆ ಎಂದರೆ ಊಟ ಬಡಿಸಿದ್ದರೂ ಉಣ್ಣುವವರಿಲ್ಲ ಎಂದೂ ಅರ್ಥ ಮಾಡಬಹುದು.

ಇಂಥ ಗುಳಿಗಳನ್ನು ಕಾಣುವುದು ಹೇಗೆ? ಯುರೋಪಾದ ಮಟ್ಟಿಗೆ ಒಂದು ಕಣ್ಣು ದಾರಿಯಲ್ಲಿದೆ. 2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ರ ಏಪ್ರಿಲ್‌ನಲ್ಲಿ ಗುರುವನ್ನು ಸೇರಿ, ಯುರೋಪಾದ ಪಕ್ಕದಲ್ಲಿ 49 ಬಾರಿ ಹಾಯುವ ಯೋಜನೆ ಇದೆ, ಅತಿ ಹತ್ತಿರ ಎಂದರೆ 25 ಕಿ.ಮೀ. ಮೂವತ್ತು ಮೀಟರಿಗೂ ಉದ್ದದ ಅದರ ಸೌರಫಲಕಗಳಿಗೆ ರೀಸನ್ ಎಂಬ ರೇಡಾರ್‌ನ ಆಂಟೆನಾಗಳನ್ನು ಕಟ್ಟಿದ್ದಾರೆ. ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರಿಗೆ ತಮ್ಮ ಉಪಗ್ರಹ 36,000 ಕಿ.ಮೀ. ದೂರ, ಕಳಿಸಿದ ಆಜ್ಞೆ ಸೆಕೆಂಡಿನ ಎಂಟನೇ ಒಂದು ಪಾಲಿನಲ್ಲಿ ಮುಟ್ಟುತ್ತದೆ. ಗುರುವಿನ ಬಳಿ ಇರುವ ನೌಕೆಗೆ ಅದೇ ಆಜ್ಞೆ ಮುಟ್ಟಲು ಅರ್ಧ ಗಂಟೆಗೂ ಹೆಚ್ಚು ಹೊತ್ತು. ಹಾಗಾಗಿ ಯುರೋಪಾದ ಪಕ್ಕ ಹಾಯುವಾಗ ಮಾಡಬೇಕಾದ್ದನ್ನೆಲ್ಲ ನೌಕೆ ಮೊದಲೇ ಬರೆದಿಟ್ಟ ಪಟ್ಟಿ ನೋಡಿ ತಾನೇ ಮಾಡಿಕೊಳ್ಳಬೇಕು.

ರೇಡಿಯೋ ಅಲೆಗಳು ತಣ್ಣನೆ ಮಂಜನ್ನು ಸುಲಭವಾಗಿ ಹಾಯುತ್ತವೆ, ನೀರು ಸಿಕ್ಕಿದರೆ ಬಲವಾಗಿ ಹಿಂದಿರುಗುತ್ತವೆ. ಅನಿಲದ ಗುಳಿ ಸಿಕ್ಕಿದರೂ ಮಾರುದನಿ ಬರುತ್ತದೆ, ಆದರೆ ಕ್ಷೀಣವಾಗಿ, ಮತ್ತು ಅಲೆ ತಲೆಕೆಳಗಾಗುವ ಕ್ರಮದಲ್ಲೂ ನೀರಿನದಕ್ಕಿಂತ ಬೇರೆಯಾಗಿ. ತಾತ್ವಿಕವಾಗಿ ಎರಡನ್ನೂ ಬೇರ್ಪಡಿಸಬಹುದು. ನನಗಂತೂ ಹೆಚ್ಚು ಭರವಸೆ ಇಲ್ಲ, ಕೆಲವೇ ಮೀಟರ್ ದಪ್ಪದ ಗುಳಿ ಆ ರೇಡಾರ್ ಕಣ್ಣಿಗೆ ಬೀಳುವುದು ಕಷ್ಟ. ಮೇಲ್ಪದರದ ನೀರಿನ ಮಡುಗಳು ಸಿಕ್ಕರೂ ದೊಡ್ಡ ಗೆಲುವೇ.

ಒಂದು ಲೆಕ್ಕವನ್ನು ನಿಮಗೇ ಬಿಡುತ್ತೇನೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಹಾರಿಸಿದ ಜ್ಯೂಸ್ ನೌಕೆ ಗುರುವಿನ ಇನ್ನೊಂದು ಚಂದ್ರ ಗ್ಯಾನಿಮೀಡನ್ನು ಸುತ್ತಲಿದೆ. ಅಲ್ಲಿ ಗುರುತ್ವ 1.43. ಮಂಜಿನ ಚಿಪ್ಪು 100 ಕಿ.ಮೀ. ಎಂದು ಹಿಡಿಯಿರಿ. ಗುಣಿಸಿ ಒಂದು ಲಕ್ಷದಿಂದ ಭಾಗಿಸಿದಾಗ 1,300ರ ಆಸುಪಾಸು ಬಂದರೆ ನಿಮ್ಮ ಲೆಕ್ಕ ಸರಿ. ಮೇಲೆ ಹೇಳಿದ ನಾಲ್ಕು ಅನಿಲಗಳಲ್ಲಿ ಅಲ್ಲಿ ಪಂಜರ ಸೇರದೆ ಉಳಿಯುವುದು ಯಾವುದು ಎಂದು ಪಕ್ಕದಲ್ಲೇ ಬರೆದಿಡಿ.